ನಮ್ಮ ಮನೆ ಮುಂದಿನ ಹಂಪ್ಸು

ನಾನು ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸರ್ಕಾರ ಯಾಕೆ ಬೇಕು ಎನ್ನುವ ಪಾಠ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ನಾನು ಅದನ್ನು ಗಡಿಬಿಡಿಯಲ್ಲಿ ಮುಗಿಸಿಬಿಡುತ್ತೇನೆ. ಕಾನೂನು, ಸುವ್ಯವಸ್ಥೆ, ರಕ್ಷಣೆ ಅಂತ ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ಕಾಕಾನ ದನಿ ಕೇಳಿಸುತ್ತದೆ: "ಮಕ್ಕಳಿಗೆ ಸುಳ್ಳ ಹೇಳಬ್ಯಾಡ್ರಿ ಟೀಚರಮ್ಮ."

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ಹಡಗಲಿ ಕಡೆಯ ನಮ್ಮ ಊರಿನಲ್ಲಿ ಮನೆಯನ್ನೂ ಮಲ್ಲಿಗೆ ತೋಟವನ್ನೂ ನೋಡಿಕೊಂಡಿರುವವನು ಅವನೇ. ಶನಿವಾರ ಶಾಲೆ ಮುಗಿಸಿ ನಾನು ತವರಿಗೆ ಹೋದರೆ ಚಹಾ ಕೊಡುವ ಮೊದಲೇ ಸರ್ಕಾರವನ್ನು ಬೈಯಲು ಶುರುಮಾಡುತ್ತಾನೆ. ಇಂಥ ಪಕ್ಷ, ಅಂಥ ಪಕ್ಷ ಅಂತಿಲ್ಲ. ಸರ್ಕಾರ ಅನ್ನುವುದೇ ಬೇಡ ಅವನಿಗೆ. "ಹೊಲ ನಂದು, ಬೋರು ನಂದು, ಮಳಿ ದೇವರದು. ನಡುವ ಸರ್ಕಾರದ್ದೇನೈತಿ?" ಎನ್ನುತ್ತಾನೆ.

ಹರಪನಹಳ್ಳಿಯಲ್ಲಿರುವ ನನ್ನ ಸೋದರತ್ತೆ ಅವನ ದೊಡ್ಡ ಸಾಕ್ಷಿ. ಅತ್ತೆ ಮದುವೆಯಾಗಿ ಹೋದಾಗ ಅದು ಬಳ್ಳಾರಿ ಜಿಲ್ಲೆ. ಆಮೇಲೆ ದಾವಣಗೆರೆ ಆಯಿತು, ತಿರುಗಿ ಬಳ್ಳಾರಿ ಆಯಿತು, ಈಗ ನಮ್ಮೆಲ್ಲರ ಜೊತೆ ವಿಜಯನಗರ. ಅತ್ತೆ ಮಾತ್ರ ಒಲೆಯ ಜಾಗವನ್ನೂ ಬದಲಿಸಿಲ್ಲ. "ನಮ್ಮಕ್ಕ ಕುಂತಲ್ಲೇ ಕುಂತಾಳ, ಸರ್ಕಾರನ ಆಕಿ ಸುತ್ತ ತಿರುಗಾಕ ಹತ್ತೈತಿ. ಆಕಿ ರೊಟ್ಟಿ ರುಚಿ ಏನರ ಬದಲಾತೇನು?" ಎಂದು ಕೇಳುತ್ತಾನೆ. ಅತ್ತೆಯ ರೊಟ್ಟಿ ಈಗಲೂ ಅಷ್ಟೇ ತೆಳ್ಳಗಿರುತ್ತದೆ.

ಆದರೆ ನಡುವೆ ಸರ್ಕಾರದ್ದೇನಿದೆ ಅನ್ನುವ ಕಾಕಾನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸರ್ಕಾರವನ್ನು ನಾವು ಬೈಯುತ್ತೇವೆ, ಕಾಯುತ್ತೇವೆ, ಅದರಿಂದ ತಪ್ಪಿಸಿಕೊಳ್ಳುತ್ತೇವೆ. ಆದರೆ ಅದು ನಮ್ಮ ಬಾಗಿಲಿಗೆ ಎಲ್ಲಿ ಬಂದು ತಾಗುತ್ತದೆ ಅಂತ ಕಣ್ಣಿಟ್ಟು ನೋಡಿದವರು ಎಷ್ಟು ಜನ? ನಾನಂತೂ ನೋಡಿರಲಿಲ್ಲ. ಅಜ್ಜಿಯ ದೆಸೆಯಿಂದ ನೋಡುವ ಹಾಗಾಯಿತು.

ಅಜ್ಜಿಗೆ, ಅಂದರೆ ಕಾಕಾನ ಅವ್ವನಿಗೆ, ಕಿವಿ ಕೇಳುವುದಿಲ್ಲ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವ ಹಾಗಿಲ್ಲ. ಅವಳ ಪ್ರಕಾರ ಈಗಿನ ಜನಕ್ಕೆ ಗಟ್ಟಿಯಾಗಿ ಮಾತಾಡುವ ತಾಕತ್ತಿಲ್ಲ, ಅಷ್ಟೇ. "ಉಂಡೀರಿಲ್ಲೋ? ಏನ್ ಗೊಣಗ್ತೀರಿ ಬಾಯಾಗ?" ಎಂದು ರೇಗುತ್ತಾಳೆ. ಎಡಗಿವಿಗೆ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳುತ್ತದೆ. ಕಾಕಾ ಒಮ್ಮೆ ಪುಸಲಾಯಿಸಿ ಹೊಸಪೇಟೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೊರಗೆ ಬಂದವಳೇ, "ಪಾಪ, ಆ ಡಾಕ್ಟ್ರಿಗೆ ಕಿವಿ ಸರಿ ಇಲ್ಲ. ನಾ ಹೇಳಿದ್ದನ್ನ ಮತ್ತ ಮತ್ತ ಕೇಳ್ತಾನ" ಎಂದಳು. ಅವರು ಕೊಟ್ಟ ಮಿಷಿನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ಕೂತಿದೆ.

ನಮ್ಮ ಮನೆ ರಸ್ತೆಯ ಈ ಕಡೆ, ಮಲ್ಲಿಗೆ ತೋಟ ಆ ಕಡೆ. ಬೆಳಕು ಹರಿಯುವ ಮುಂಚೆ ಅಜ್ಜಿ ರಸ್ತೆ ದಾಟಿ ಹೋಗಿ ಮೊಗ್ಗು ಬಿಡಿಸುತ್ತಾಳೆ. ಕೂಲಿಗೆ ಬರುವ ಹೆಂಗಸರು ಎಷ್ಟು ಜನ ಇದ್ದರೂ ಮೊದಲ ಮೊಗ್ಗು ಅವಳ ಕೈಯಿಂದಲೇ ಬೀಳಬೇಕು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿ ಹೊತ್ತು ತಿರುಗಿ ದಾಟಿ ಬಂದು, ಬೆಳಗಿನ ಸರ್ಕಾರಿ ಬಸ್ಸಿಗೆ ತಾನೇ ಏರಿಸುತ್ತಾಳೆ. ಮೊಗ್ಗು ಅರಳುವುದರೊಳಗೆ ಹಡಗಲಿ ಮುಟ್ಟಬೇಕು. ಒಂದು ಸಲ ಜ್ವರ ಬಂತೆಂದು ನಾವು ತೋಟಕ್ಕೆ ಬಿಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ. ಜ್ವರ ಇಳಿದ ಮೇಲೂ ಏಳಲಿಲ್ಲ. ತೋಟಕ್ಕೆ ಹೋಗು ಅಂದ ಮೇಲೇ ಎದ್ದದ್ದು. ಆಗ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ನಮ್ಮೂರ ರಸ್ತೆ ತಗ್ಗುದಿಣ್ಣೆಯಾಗಿದ್ದಷ್ಟು ಕಾಲ ಅಜ್ಜಿಗೆ ಏನೂ ತೊಂದರೆ ಇರಲಿಲ್ಲ. ಎತ್ತಿನ ಬಂಡಿಗಿಂತ ಜೋರಾಗಿ ಯಾವುದೂ ಓಡುತ್ತಿರಲಿಲ್ಲ. ರಸ್ತೆ ಮಾಡಿಸಿ ಅಂತ ಊರವರು ಎಷ್ಟೋ ವರ್ಷ ಅರ್ಜಿ ಕೊಟ್ಟರು. ಕೊನೆಗೂ ಡಾಂಬರು ಬಿತ್ತು. ಎಲ್ಲರೂ ಬರಿಗಾಲಲ್ಲಿ ಅದರ ಮೇಲೆ ಓಡಾಡಿ ನೋಡಿದರು. ಆಮೇಲೆ ಟಿಪ್ಪರುಗಳಿಗೆ ಇದು ಅಡ್ಡದಾರಿ ಅಂತ ಗೊತ್ತಾಯಿತು.

ಒಂದು ಬೆಳಿಗ್ಗೆ ಒಂದು ಟಿಪ್ಪರು ಹಾರ್ನ್ ಬಾರಿಸುತ್ತಲೇ ಬಂದು ಅಜ್ಜಿಯ ಮಗ್ಗುಲಲ್ಲಿ ಹಾದುಹೋಯಿತು. ಬುಟ್ಟಿ ಉರುಳಿ ಮೊಗ್ಗು ರಸ್ತೆ ತುಂಬ ಚೆಲ್ಲಿತು. ಕಾಕಾ ಕಟ್ಟೆಯಿಂದ ಜಿಗಿದು ಓಡಿದ. ಅಜ್ಜಿ ಸೆರಗು ಕೊಡವಿಕೊಂಡು, "ಏನ್ ಗಾಳಿ ಬೀಸ್ತಪ್ಪ!" ಎಂದಳು. ಕಾಕಾ ಕೈ ಹಿಡಿಯಲು ಹೋದರೆ ಕೊಸರಿಕೊಂಡಳು. "ನನ್ನ ಕೈ ಹಿಡಿದು ದಾಟಿಸೋ ದಿನ ಬಂದ್ರ, ಆ ದಿನಾನ ತ್ವಾಟ ಬಿಡ್ತೀನಿ ನೋಡು." ಅವಳು ತೋಟ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ನಾವು ಜ್ವರದಲ್ಲಿ ನೋಡಿದ್ದೆವು. ಕೈ ಹಿಡಿಯುವ ಹಾಗಿಲ್ಲ, ಬಿಡುವ ಹಾಗಿಲ್ಲ.

ಅದೇ ವಾರ ಕಾಕಾ ಮನೆ ಮುಂದೆ ರಸ್ತೆಗೆ ಅಡ್ಡಲಾಗಿ ಹಂಪ್ಸು ಕಟ್ಟಿದ. ಗುಂಡುಕಲ್ಲು, ಗರಸು ಮಣ್ಣು, ಮೇಲೆ ಉಳಿದ ಸಿಮೆಂಟು. ಅಜ್ಜಿ ಕೇಳಿದ್ದಕ್ಕೆ, "ಆಡು ದಾಟ್ತಾವಲ್ಲವ್ವ, ಅದಕ್ಕ" ಎಂದ. ಟಿಪ್ಪರುಗಳು ತೆವಳಿಕೊಂಡು ಹೋಗತೊಡಗಿದವು. ನಾನು ಊರಿಗೆ ಹೋದಾಗ ಅವನ ಖುಷಿ ನೋಡಬೇಕಿತ್ತು. ಮೀಸೆಯ ಮೇಲೆ ಕೈ ಹಾಕಿಯೇ ಮಾತಾಡಿದ: "ನೋಡ್ರಿ ಟೀಚರಮ್ಮ. ಅರ್ಜಿ ಇಲ್ಲ, ಆಫೀಸಿಲ್ಲ, ಸಾಹೇಬ ಇಲ್ಲ. ಬೇಕಾತು, ಕಟ್ಟಿದ್ವಿ. ಪಾಠದಾಗ ಇದನ್ನ ಬರೀರಿ." ನಿಜ ಹೇಳುತ್ತೇನೆ, ನನಗೂ ಹೌದಲ್ಲ ಅನಿಸಿತು.

ಮುಂದಿನ ಸಲ ಹೋದಾಗ ಬಸ್ಸಿನಲ್ಲಿ ನನ್ನ ತಲೆ ಸೀಟಿನ ಕಂಬಿಗೆ ಬಡಿಯಿತು. ಕಾಕಾನದನ್ನು ನೋಡಿ ಪಕ್ಕದ ಮನೆಯವರೂ ಒಂದು ಕಟ್ಟಿದ್ದರು. ಅವರು ಕಟ್ಟಿದ್ದರಿಂದ ಅವರ ಅಣ್ಣತಮ್ಮಂದಿರು ಕಟ್ಟಿದರು. ಕೋಳಿ ಇದ್ದವರು ಕೋಳಿಗೆ, ಕೂಸು ಇದ್ದವರು ಕೂಸಿಗೆ, ಎರಡೂ ಇಲ್ಲದವರು ಮರ್ಯಾದೆಗೆ. ಹಂಪ್ಸು ಇಲ್ಲದ ಮನೆ ಅಂದರೆ ಆ ಮನೆಯವರ ಜೀವಕ್ಕೆ ಬೆಲೆ ಇಲ್ಲ ಅನ್ನುವಂತಾಗಿತ್ತು. ಒಂದು ಮೊಣಕಾಲೆತ್ತರ, ಇನ್ನೊಂದು ಚೂಪು, ಮತ್ತೊಂದನ್ನು ಯಾರೋ ಹಳೆಯ ಬೀಸುಕಲ್ಲು ಹೂತು ಕಟ್ಟಿದ್ದರು.

ಬಸ್ಸಿನ ಹೊಟ್ಟೆ ಎಲ್ಲದಕ್ಕೂ ಉಜ್ಜುತ್ತಿತ್ತು. ಡ್ರೈವರು ಒಂದು ದಿನ ಊರ ಕ್ರಾಸಿನಲ್ಲೇ ನಿಲ್ಲಿಸಿ, "ನಿಮ್ಮೂರಾಗ ಬಸ್ ಓಡಿಸಾಕ ಬರಂಗಿಲ್ರಿ, ಒಂಟೆ ತರ್ರಿ" ಎಂದು ಎಲ್ಲರನ್ನೂ ಇಳಿಸಿದ. ಅವತ್ತಿನಿಂದ ಬಸ್ಸು ಒಳಗೆ ಬರಲಿಲ್ಲ. ಅಜ್ಜಿ ಬುಟ್ಟಿ ಹೊತ್ತು ಕ್ರಾಸಿನವರೆಗೆ ರಸ್ತೆಯ ನಡುವೆಯೇ ನಡೆದು ಹೋಗತೊಡಗಿದಳು. ಮೊದಲು ಅಡ್ಡ ದಾಟುವುದಷ್ಟೇ ಇತ್ತು. ಈಗ ಊರಿನ ಉದ್ದಕ್ಕೂ ಬೆನ್ನ ಹಿಂದೆ ಬೈಕು, ಟ್ರಾಕ್ಟರು. ಅವಳಿಗಾಗಿ ಕಟ್ಟಿದ ಹಂಪ್ಸೇ ಅವಳನ್ನು ನಡುರಸ್ತೆಗೆ ತಂದು ನಿಲ್ಲಿಸಿತ್ತು. ಕಾಕಾ ಅವಳಿಗೆ ಕಾಣದ ಹಾಗೆ ಹಿಂದೆ ಹಿಂದೆ ಬೀಡಿ ಸೇದಿಕೊಂಡು ಹೋಗುತ್ತಿದ್ದ.

ಊರವರು ಬೇವಿನ ಕಟ್ಟೆಯಲ್ಲಿ ಸೇರಿದರು. ಹಂಪ್ಸು ತೆಗೆಯಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪಿದರು. ಹೂವಿನ ಬುಟ್ಟಿ ಎಲ್ಲರ ಮನೆಯಲ್ಲೂ ಬಾಡುತ್ತಿತ್ತಲ್ಲ! ಆದರೆ ಮೊದಲು ಯಾರದು? "ಅವ್ರು ತಗದ್ರ ನಾನು ತಗೀತೀನಿ" ಎಂದು ಇವರು, "ಕಟ್ಟಿದ್ದು ಮೊದಲು ಈತ, ತಗಿಯೋದೂ ಈತನ" ಎಂದು ಕಾಕಾನ ಕಡೆ ಕೈ ಮಾಡಿ ಅವರು. ಕಾಕಾ ತಾಯಿಯ ಮಾತು ಎತ್ತುವ ಹಾಗಿಲ್ಲ. ಎತ್ತಿದರೆ ಅಜ್ಜಿಗೆ ಕಿವಿ ಕೇಳುವುದಿಲ್ಲ ಅಂತ ಊರ ಮುಂದೆ ಹೇಳಿದಂತೆ. ಬೀಡಿ ಹಚ್ಚಿಕೊಂಡ. ಮಾತು ಹಳೆಯ ಬದುವಿನ ಜಗಳಕ್ಕೆ ಹೋಯಿತು, ಅಲ್ಲಿಂದ ಯಾರದೋ ಮದುವೆಯಲ್ಲಿ ಹೋಳಿಗೆ ಬಡಿಸದೆ ಬಿಟ್ಟದ್ದಕ್ಕೆ ಹೋಯಿತು. ಕಟ್ಟೆಯಿಂದ ಎದ್ದಾಗ ಅರ್ಧ ಊರು ಉಳಿದರ್ಧ ಊರಿನ ಜೊತೆ ಮಾತು ಬಿಟ್ಟಿತ್ತು.

ಕೆಲವು ದಿನಗಳಲ್ಲಿ ಒಂದು ಜೆಸಿಬಿ ಬಂತು. ಜೊತೆಗೆ ರಸ್ತೆ ಆಫೀಸಿನ ಜೀಪು. ಯಾರನ್ನೂ ಕೇಳಲಿಲ್ಲ, ಒಂದೊಂದಾಗಿ ಎಲ್ಲ ಹಂಪ್ಸನ್ನೂ ಕಿತ್ತು ಹಾಕಿತು. ಅವತ್ತು ನಾನು ಊರಲ್ಲಿದ್ದೆ. ಆಹಾ, ಊರವರ ಬಾಯಿ! ಮಾತು ಬಿಟ್ಟವರೆಲ್ಲ ಹೆಗಲಿಗೆ ಹೆಗಲು ಹಚ್ಚಿ ನಿಂತು ಸರ್ಕಾರವನ್ನು ಬೈದರು. ಕಾಕಾನ ದನಿ ಎಲ್ಲರಿಗಿಂತ ಮೇಲೆ. ಸಂಜೆ ಹೊತ್ತಿಗೆ ಬೈದು ಬೈದು ದಣಿದವರು ಒಟ್ಟಿಗೆ ಕೂತು ಚಹಾ ಕುಡಿದರು. ಬದುವಿನ ಜಗಳ, ಹೋಳಿಗೆಯ ಜಗಳ ಎಲ್ಲ ಆ ಜೆಸಿಬಿಯ ಹಿಂದೆಯೇ ಹೋದವು.

ಸೋಮವಾರ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಾಗ ಕಾಕಾ ಕಾಲ ಬೆರಳಿನಿಂದ ಮಣ್ಣು ಕೆದಕುತ್ತ ನಿಂತ. "ಯಾರಿಗೂ ಹೇಳಬ್ಯಾಡವ್ವ. ನಾನ ಹೋಗಿ ಕರ್ಕೊಂಡ್ ಬಂದೆ" ಎಂದ.

"ಯಾರನ್ನ?"

"ಜೆಸಿಬೀನ. ನಮ್ಮವ್ರು ತಗಿಯಂಗಿಲ್ಲ, ನಾ ತಗದ್ರ ಉಳಿದವ್ರು ನಕ್ಕಾರು. ಬೈಸಿಕೊಳ್ಳಾಕ ಹೊರಗಿನವರು ಒಬ್ರು ಬೇಕಾಗಿತ್ತು. ನಮ್ಮ ಅವ್ವಂದು ಒಂದು ಬಿಡ್ರಿ ಅಂದಿದ್ದೆ. ಆ ಡ್ರೈವರಗ ಯಾರೂ ಹೇಳಿಲ್ಲ ಕಾಣ್ತೈತಿ, ಅದನ್ನೂ ಕಿತ್ತ."

ನಾನು ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಪಾಠದಲ್ಲಿ ಸರ್ಕಾರ ರಕ್ಷಣೆಗೆ ಅಂತಿದೆ. ಬೈಸಿಕೊಳ್ಳುವುದಕ್ಕೆ ಅಂತ ಎಲ್ಲೂ ಇಲ್ಲ. ಆದರೆ ನೆರೆಮನೆಯವನನ್ನು ಬೈದರೆ ನಾಳೆ ಬೆಳಿಗ್ಗೆ ಅವನ ಮುಖ ನೋಡಬೇಕು. ಸರ್ಕಾರವನ್ನು ಬೈದರೆ ಊರು ಒಡೆಯುವುದಿಲ್ಲ, ಇನ್ನಷ್ಟು ಕೂಡುತ್ತದೆ. ಇದೂ ಒಂದು ಕೆಲಸವೇ ಅಲ್ಲವೇ? ಇದನ್ನು ಮಕ್ಕಳಿಗೆ ಹೇಳುವುದು ಹೇಗೆ ಅಂತ ಮಾತ್ರ ತಿಳಿಯಲಿಲ್ಲ.

ಬಸ್ಸು ಮತ್ತೆ ಮನೆ ಮುಂದೆ ಬರತೊಡಗಿತು. ಟಿಪ್ಪರುಗಳೂ ಬಂದವು. ಹಂಪ್ಸಿಲ್ಲದ ರಸ್ತೆಯಲ್ಲಿ ಅಜ್ಜಿ ಹಿಂದುಮುಂದು ನೋಡದೆ ದಾಟುತ್ತಿದ್ದಳು. ಕಾಕಾ ಈ ಸಲ ಹುರುಳಿ ಕಿತ್ತು ತಂದು ಮನೆ ಮುಂದೆ ರಸ್ತೆಯ ತುಂಬ ಹರಡಿದ. ನಮ್ಮ ಕಡೆ ಗಾಡಿಗಳ ಗಾಲಿಗೆ ಹಾಕಿ ಒಕ್ಕಣೆ ಮಾಡುವುದು ಇದ್ದದ್ದೇ, ಯಾರೂ ಏನೂ ಅನ್ನಲಿಲ್ಲ. ದಪ್ಪ ಹರವಿದ್ದನ್ನು ಕಂಡು ಗಾಡಿಗಳು ನಿಧಾನವಾದವು. ಕಾಳು ಉದುರಿ ಮುಗಿದರೂ ಕಾಕಾ ಅದೇ ಬಳ್ಳಿಯನ್ನು ದಿನಾ ಸಂಜೆ ಬಳಿದಿಟ್ಟು ಬೆಳಿಗ್ಗೆ ಮತ್ತೆ ಹರಡುತ್ತಿದ್ದ. ಪಕ್ಕದ ಮನೆಯವರು, "ಏನಪಾ, ಬರೇ ಹೊಟ್ಟು ಒಕ್ಕಾಕ ಹತ್ತೀಯಲ್ಲ, ತಲಿ ಸರಿ ಐತಿಲ್ಲೋ?" ಎಂದು ನಕ್ಕರು. "ನಮ್ಮ ಹೊಟ್ಟು, ನಮ್ಮಿಷ್ಟ" ಎಂದ.

ಹಾಲು ಹಾಕುವವನು ಒಂದು ಬೆಳಿಗ್ಗೆ ಆ ಹೊಟ್ಟಿನ ಮೇಲೆ ಬೈಕು ಸಮೇತ ಜಾರಿ ಬಿದ್ದ. ಮೊಣಕೈ ತರಚಿ ರಕ್ತ ಬಂತು, ಕ್ಯಾನಿನ ಹಾಲೆಲ್ಲ ಹುರುಳಿ ಹೊಟ್ಟಿಗೆ ಹೋಯಿತು. ಕಾಕಾ ತಾನೇ ಅವನನ್ನು ಎತ್ತಿ, ಅರಿಶಿನ ಹಚ್ಚಿ, ಅವತ್ತೇ ಹೊಟ್ಟನ್ನೆಲ್ಲ ಬಳಿದು ತಿಪ್ಪೆಗೆ ಹಾಕಿದ. ಫೋನಿನಲ್ಲಿ ನನಗೆ ಹೇಳುವಾಗ ದನಿ ಸಣ್ಣಗಾಗಿತ್ತು. "ರಜಾ ಹಾಕಿ ಬಾರವ್ವ. ಆಫೀಸಿಗೆ ಹೋಗೂಣು. ನೀ ಓದಿದಾಕಿ, ನಿನ್ನ ಮಾತು ಕೇಳ್ಯಾರು."

ಹಡಗಲಿಯ ಆಫೀಸಿನಲ್ಲಿ ಇಂಜಿನಿಯರು ಇನ್ನೂ ಹುಡುಗ. ಕುರ್ಚಿ ಹಾಕಿಸಿ ಕೂರಿಸಿದ. ನಾನು ಅಜ್ಜಿಯ ವಿಷಯ ಎಲ್ಲ ಹೇಳಿದೆ. ಡಾಕ್ಟರನ್ನು ಬಿಟ್ಟರೆ ಹೊರಗಿನವನ ಮುಂದೆ ನಾವು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕಾಕಾ ತಲೆ ತಗ್ಗಿಸಿದ್ದ.

"ನಾನೂ ಅಜ್ಜಿ ಕೈಯಾಗ ಬೆಳದವನ ರೀ" ಎಂದ ಹುಡುಗ. "ಆದ್ರ ಒಬ್ರ ಮನಿ ಮುಂದ ಅಂತ ಹಾಕಿದ್ರ ನಾಳಿ ಎಲ್ಲಾರ ಮನಿ ಮುಂದ ಹಾಕಬೇಕಾಕೈತಿ. ಸಾಲಿ, ಅಂಗನವಾಡಿ, ಆಸ್ಪತ್ರಿ ಮುಂದ ಆದ್ರ ಕೇಳ್ರಿ, ನಾನ ನಿಂತು ಹಾಕಸ್ತೀನಿ. ಒಬ್ಬ ಅಜ್ಜಿಗೆ ಅಂತ ಬರಂಗಿಲ್ರಿ."

ಕಾಕಾ ಜಗಳ ತೆಗೆಯುತ್ತಾನೆ ಅಂದುಕೊಂಡೆ. ತೆಗೆಯಲಿಲ್ಲ. ಎಲ್ಲರ ಮನೆ ಮುಂದೆ ಹಾಕಿದರೆ ಏನಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ನನಗೆ ಮಾತ್ರ ಸಿಟ್ಟು ಬಂತು. ನಮ್ಮ ಅಜ್ಜಿಯ ಜೀವ ಲೆಕ್ಕಕ್ಕಿಲ್ಲವೇ ಎಂದು ಸಿಟ್ಟು. ಆ ಹುಡುಗ ಹೇಳುವುದು ಸರಿ ಅಂತ ಗೊತ್ತಾಗಿ ಇನ್ನೂ ಸಿಟ್ಟು. ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಊರು ಹತ್ತಿರ ಬಂದಾಗ, "ಸರ್ಕಾರಕ್ಕ ಒಬ್ಬಾಕಿ ಮುದುಕಿ ಕಾಣಂಗಿಲ್ಲ. ಕೂಸುಗಳು ಕಾಣ್ತಾವ. ಹೌದಿಲ್ಲೋ?" ಎಂದ. ನಾನು ಸುಮ್ಮನೆ ಹೂಂ ಅಂದೆ.

ನಮ್ಮೂರ ಅಂಗನವಾಡಿಯ ಚಾವಣಿ ಸೋರುತ್ತಿತ್ತು. ಮಕ್ಕಳು ಗುಡಿಯ ಪೌಳಿಯಲ್ಲಿ ಕೂರುತ್ತಿದ್ದವು. ಕಾಕಾ ನೆಟ್ಟಗೆ ಅಂಗನವಾಡಿ ಟೀಚರ ಹತ್ತಿರ ಹೋಗಿ, ಹೊಸ ಕಟ್ಟಡ ಆಗುವವರೆಗೆ ನಮ್ಮ ಪಡಸಾಲೆಯಲ್ಲಿ ನಡೆಸಿ ಅಂದ. ಅದು ಅವನ ಪಡಸಾಲೆ. ಮಧ್ಯಾಹ್ನ ಅವನು ಅಲ್ಲಿ ಮಲಗಿದರೆ ನಾವು ಪಾತ್ರೆ ಸದ್ದು ಮಾಡುವ ಹಾಗಿರಲಿಲ್ಲ. ಅವನ ಹೆಂಡತಿ, ನನ್ನ ಕಾಕಿ, "ಈ ಮನಶ್ಯಾಗ ಏನಾತು?" ಎಂದು ನನ್ನನ್ನು ಕೇಳಿದಳು. ಬೀಜದ ಚೀಲಗಳು ದನದ ಕೊಟ್ಟಿಗೆಗೆ ಹೋದವು. ಗೋಡೆಗೆ ಆನೆ, ನವಿಲು, ಅಕ್ಷರಮಾಲೆ ಬಂದವು. ಪಡಸಾಲೆ ತುಂಬ ಅಳು, ಕಿರುಚಾಟ, ಉಪ್ಪಿಟ್ಟಿನ ವಾಸನೆ. ಅಜ್ಜಿಗೆ ಗದ್ದಲದ ತೊಂದರೆ ಇರಲಿಲ್ಲ. "ಎಷ್ಟು ಶಾಂತ ಕೂಸುಗಳು, ಪಾಪ" ಎನ್ನುತ್ತಿದ್ದಳು. ಕಾಕಾ ಬೇವಿನ ಮರದ ಕೆಳಗೆ ಟವೆಲು ಹಾಸಿಕೊಂಡು ಹೊರಳಾಡುತ್ತಿದ್ದ.

ಅಂಗನವಾಡಿಯ ಹೆಸರಿನಲ್ಲಿ ಅರ್ಜಿ ಹೋಯಿತು, ಇಂಜಿನಿಯರು ಮಾತಿನಂತೆ ಬಂದ. ಅಂಗನವಾಡಿಯ ಬೋರ್ಡು ನೋಡಿದ, ಕಾಕಾನ ಮುಖ ನೋಡಿದ, ಏನೂ ಕೇಳಲಿಲ್ಲ. ಸರಿಯಾದ ಅಳತೆಯ ಹಂಪ್ಸು ಬಿತ್ತು. ಮೇಲೆ ಬಿಳಿ ಬಣ್ಣದ ಪಟ್ಟೆ, ಎರಡೂ ಕಡೆ ಹಳದಿ ಫಲಕ. ಬಸ್ಸು ಅದರ ಮೇಲೆ ಹೊಟ್ಟೆ ತಾಗಿಸದೆ ಹತ್ತಿ ಇಳಿಯಿತು.

ಬಣ್ಣ ಆರಿದ ಮರುದಿನ ಭಾನುವಾರ, ನಾನು ಅಲ್ಲೇ ಇದ್ದೆ. ಅಜ್ಜಿ ಬುಟ್ಟಿ ಹೊತ್ತು ತೋಟದಿಂದ ಬಂದು ರಸ್ತೆಗೆ ಕಾಲಿಟ್ಟಳು. ಎಡಗಡೆಯಿಂದ ಟಿಪ್ಪರೊಂದು ಬರುತ್ತಿತ್ತು. ಕಟ್ಟೆಯ ಮೇಲೆ ಕಾಕಾ ಚಹಾದ ಲೋಟ ಹಿಡಿದುಕೊಂಡು ಅರ್ಧ ಎದ್ದು ನಿಂತಿದ್ದ. ಟಿಪ್ಪರು ಬ್ರೇಕು ಹಾಕಿ, ಉಸ್ಸೆಂದು, ಹಂಪ್ಸಿನ ಆಚೆಯೇ ನಿಂತಿತು. ಅಜ್ಜಿ ಕತ್ತು ಕೂಡ ತಿರುಗಿಸದೆ ದಾಟಿ ಬಂದಳು. ಅಲ್ಲೊಂದು ಗಾಡಿ ನಿಂತಿತ್ತು ಅನ್ನುವುದು ಅವಳಿಗೆ ಗೊತ್ತೇ ಇಲ್ಲ. ಕಾಕಾ ಕೂತ. ಚಹಾ ಧೋತರದ ಮೇಲೆ ಚೆಲ್ಲಿತ್ತು.

ಅಜ್ಜಿ ಫಲಕದ ಹತ್ತಿರ ನಿಂತು, "ಏನ್ ಬರ್ದಾರ ಇದರಾಗ?" ಎಂದು ಕೇಳಿದಳು. ನಾನು ಎಡಗಿವಿಗೆ ಬಾಯಿಟ್ಟು ಕೂಗಿದೆ: "ಕೂಸುಗಳು ದಾಟ್ತಾವ, ಸಾವಕಾಶ ಹೋಗ್ರಿ ಅಂತ!"

ಅವಳ ಮುಖ ಅರಳಿತು. ಫಲಕವನ್ನೊಮ್ಮೆ ಸವರಿ ಕಾಕಾನ ಕಡೆ ತಿರುಗಿದಳು. "ನೋಡಲೇ ಇಲ್ಲಿ. ಯಾರ್ಯಾರವೋ ಕೂಸುಗಳು, ಅವುಗಳ ಮ್ಯಾಲ ಸರ್ಕಾರಕ್ಕ ಎಷ್ಟು ಕಾಳಜಿ ಐತಿ. ನೀ ನೋಡಿದ್ರ ಮೂರೂ ಹೊತ್ತು ಅದನ್ನ ಬೈಕೊಂತ ಕುಂದ್ರತಿ. ಒಂದಿನ ಆದ್ರೂ ಯಾರಿಗಾದ್ರೂ ಇಷ್ಟು ಮಾಡಿಯೇನು ನೀನು?"

ನನ್ನ ಬಾಯಿ ತೆರೆಯಿತು. ಕಾಕಾ ಕಣ್ಣಲ್ಲೇ ಬೇಡ ಅಂದ.

"ಇಲ್ಲವ್ವ" ಎಂದ. "ಸರ್ಕಾರ ಚೊಲೋದೈತಿ."

"ಆಂ? ಉಂಡಿಯಿಲ್ಲೋ? ಗಟ್ಟ್ಯಾಗಿ ಹೇಳು."

ಅಷ್ಟರಲ್ಲಿ ಬಸ್ಸು ಬಂದು ಹಂಪ್ಸಿನ ಹತ್ತಿರ ನಿಂತಿತ್ತು. ಕಿಟಕಿಗಳಲ್ಲಿ ತಲೆಗಳು. ಪಕ್ಕದ ಮನೆಯವರು ಬಾಗಿಲಲ್ಲಿ. ಕಾಕಾ ಕಟ್ಟೆಯಿಂದ ಇಳಿದು ರಸ್ತೆಗೆ ಬಂದ, ತಾಯಿಯ ಎಡಗಿವಿಗೆ ಬಗ್ಗಿ, ಇಡೀ ಊರಿಗೆ ಕೇಳುವ ಹಾಗೆ ಕೂಗಿದ: "ಸರ್ಕಾರ ಭಾಳ ಚೊಲೋದೈತವ್ವಾ!"

"ಹಂಗನ್ನು" ಎಂದು ಅಜ್ಜಿ ಬುಟ್ಟಿಯನ್ನು ಬಸ್ಸಿಗೆ ಏರಿಸಿದಳು.